ಎಲ್ಲರಿಗೂ ಸಂಬಳ, ಆಡುವವನಿಗೆ ಮಾತ್ರ ಆದರ್ಶ

ಕಾಲೇಜು ಕ್ರೀಡೆ ಸತ್ತೇಹೋಯಿತೆಂದು ಅಮೆರಿಕದಲ್ಲಿ ಈಗ ದಿನಕ್ಕೊಬ್ಬರು ಎದೆ ಬಡಿದುಕೊಳ್ಳುತ್ತಿದ್ದಾರೆ. ಸತ್ತ ದಿನವನ್ನೂ ಗುರುತು ಹಾಕಿಟ್ಟಿದ್ದಾರೆ: 2025ರ ಜೂನ್ 6. ಅವತ್ತು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಗ್ರಾಂಟ್ ಹೌಸ್ ಎಂಬ ಈಜುಗಾರ ಮತ್ತಿತರರು ಹೂಡಿದ್ದ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಲು ದಾರಿಯಾಯಿತು. ಒಂದು ವಿಶ್ವವಿದ್ಯಾಲಯ ಮೊದಲ ವರ್ಷ ಎಲ್ಲ ಆಟಗಾರರಿಗೂ ಸೇರಿ ಕೊಡಬಹುದಾದದ್ದು ಹೆಚ್ಚೆಂದರೆ ಸುಮಾರು 2.05 ಕೋಟಿ ಡಾಲರ್. 2016ರ ಈಚೆಗೆ ಆಡಿ ಹೋದವರಿಗೆ ಹಳೇ ಬಾಕಿಯ ಲೆಕ್ಕದಲ್ಲಿ ಹತ್ತು ವರ್ಷಗಳ ಮೇಲೆ ಹರಡಿ ಸುಮಾರು 280 ಕೋಟಿ ಡಾಲರ್.

ಗೋಳಿಡುತ್ತಿರುವವರು ಸಣ್ಣಪುಟ್ಟವರಲ್ಲ. ಹೆಸರಾಂತ ಕೋಚ್‌ಗಳು, ವಿಶ್ವವಿದ್ಯಾಲಯದ ಅಧ್ಯಕ್ಷರು, ಸೆನೆಟರ್‌ಗಳು. ಅಲ್ಲೇ ಓದಿ ಅಲ್ಲೇ ನೆಲೆಸಿದ ನಮ್ಮ ಕನ್ನಡಿಗರಲ್ಲೂ ಹಲವರು. ಅವರ ಮಾತುಗಳನ್ನು ತಳ್ಳಿಹಾಕದೆ ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳುವುದು ನ್ಯಾಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹವ್ಯಾಸಿಗೂ ವೃತ್ತಿಪರನಿಗೂ ನಡುವಿನ ಗೆರೆ ಈಗ ಅಳಿಸಿಹೋಗುತ್ತಿದೆ ಎನ್ನುತ್ತಾರಲ್ಲ, ಆ ಗೆರೆ ಆಟಕ್ಕೂ ಹಣಕ್ಕೂ ನಡುವೆ ಯಾವತ್ತೂ ಇರಲಿಲ್ಲ. ಅದನ್ನು ಎಳೆದದ್ದು ಆಟಗಾರನ ಜೇಬಿನ ಮುಂದೆ ಮಾತ್ರ.

ಅಲ್ಲಿನ ಕಾಲೇಜು ಆಟ ನಮ್ಮ ಅಂತರಕಾಲೇಜು ಪಂದ್ಯಾವಳಿಯ ಅಳತೆಯದ್ದಲ್ಲ. ಆನ್ ಆರ್ಬರ್ ಊರಿನ ಮಿಷಿಗನ್ ಕ್ರೀಡಾಂಗಣದಲ್ಲಿ ಕೂರುವ ಜಾಗವೇ 1,07,601. ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣ ಎರಡು ಬಾರಿ ತುಂಬುವಷ್ಟು ಜನರನ್ನು ತಂದು ಕೂರಿಸಿದರೂ ಅಲ್ಲಿ ಇನ್ನೂ ಜಾಗ ಮಿಗುತ್ತದೆ. ಶನಿವಾರ ಫುಟ್‌ಬಾಲ್ ಇದ್ದರೆ ಅದು ತುಂಬುತ್ತದೆ. ಫುಟ್‌ಬಾಲ್ ಎಂದರೆ ಕೈಯಲ್ಲಿ ಹಿಡಿದು ಓಡುವ ಅವರ ಆಟ. ಇದನ್ನೆಲ್ಲ ಆಳುವ ಸಂಸ್ಥೆ ಎನ್‌ಸಿಎಎ, 1906ರಲ್ಲಿ ಹುಟ್ಟಿದ್ದು. ಅದು ನಡೆಸುವ ಪುರುಷರ ಬ್ಯಾಸ್ಕೆಟ್‌ಬಾಲ್ ಟೂರ್ನಿಯೊಂದರ ಟಿವಿ ಹಕ್ಕಿಗೇ ಸಿಬಿಎಸ್ ಮತ್ತು ಟರ್ನರ್ ಕಂಪನಿಗಳು 2010ರಲ್ಲಿ 14 ವರ್ಷಕ್ಕೆ 1,080 ಕೋಟಿ ಡಾಲರ್ ಕೊಡಲು ಒಪ್ಪಿದವು. ಆಮೇಲೆ 2032ರವರೆಗಿನ ಎಂಟು ವರ್ಷಕ್ಕೆ ಇನ್ನೂ 880 ಕೋಟಿ.

ಈಗ ಮೊದಲ ಆಕ್ಷೇಪ. ಎಲ್ಲರೂ ಆಡುವ ಮಾತು ಇದೇ: ಆಟಗಾರನಿಗೆ ಸ್ಕಾಲರ್‌ಶಿಪ್ ಸಿಗುತ್ತದಲ್ಲ, ಲಕ್ಷಾಂತರ ರೂಪಾಯಿಯ ಓದು ಪುಕ್ಕಟೆ, ಊಟ ವಸತಿ ಪುಕ್ಕಟೆ, ಇನ್ನೇನು ಬೇಕು? ಮಕ್ಕಳ ಓದಿಗೆ ಸಾಲ ಮಾಡಿದ ಯಾವ ತಂದೆತಾಯಿಗೂ ಇದು ಸರಿ ಅನ್ನಿಸುತ್ತದೆ. ನಮ್ಮವರು ಇದನ್ನೇ ಹೆಚ್ಚು ಹಿಡಿದುಕೊಳ್ಳುವುದು ಸಹಜ.

ಇದಕ್ಕೆ ಉತ್ತರ ಬೇಕಿದ್ದರೆ 2014ರ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಕರಣವನ್ನು ಓದಬೇಕು. ಅಲ್ಲಿನ ಫುಟ್‌ಬಾಲ್ ಆಟಗಾರರು ಯೂನಿಯನ್ ಕಟ್ಟಲು ಹೊರಟರು; ಮುಂದಾಳು ಕ್ವಾರ್ಟರ್‌ಬ್ಯಾಕ್ ಕೇಯ್ನ್ ಕೋಲ್ಟರ್. ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ಪ್ರಾದೇಶಿಕ ನಿರ್ದೇಶಕ ಪೀಟರ್ ಓರ್ ವಿಚಾರಣೆ ನಡೆಸಿ ಬರೆದ ಆದೇಶದಲ್ಲಿ ಆಟಗಾರನ ದಿನಚರಿಯೇ ಇದೆ. ಆಗಸ್ಟ್ ತಿಂಗಳ ಶಿಬಿರದಲ್ಲಿ ವಾರಕ್ಕೆ 50ರಿಂದ 60 ಗಂಟೆ ಆಟದ ಕೆಲಸ, ಪಂದ್ಯಗಳು ಶುರುವಾದ ಮೇಲೆ 40ರಿಂದ 50 ಗಂಟೆ. ತರಗತಿ ಇದರ ಮೇಲೆ. ಕ್ಯಾಂಪಸ್ ಹೊರಗೆ ಮನೆ ಮಾಡಬೇಕಿದ್ದರೆ ಕೋಚ್ ಕೇಳಬೇಕು, ಬೇರೆ ಕೆಲಸಕ್ಕೆ ಅರ್ಜಿ ಹಾಕಬೇಕಿದ್ದರೆ ಕೇಳಬೇಕು, ಫೇಸ್‌ಬುಕ್‌ನಲ್ಲಿ ಏನು ಹಾಕುತ್ತಾನೆಂಬುದರ ಮೇಲೂ ಕಣ್ಣು. ವೈದ್ಯನಾಗಬೇಕೆಂದಿದ್ದ ಕೋಲ್ಟರ್‌ಗೆ ಬೇಕಾದ ಕೆಮಿಸ್ಟ್ರಿ ತರಗತಿ ಬೆಳಗಿನ ಅಭ್ಯಾಸಕ್ಕೆ ಅಡ್ಡ ಬಂತು, ಬಿಡಬೇಕಾದದ್ದು ಕೆಮಿಸ್ಟ್ರಿಯನ್ನು. ಸ್ಕಾಲರ್‌ಶಿಪ್‌ನ ಬೆಲೆ ವರ್ಷಕ್ಕೆ ಸುಮಾರು 61,000 ಡಾಲರ್. 2003ರಿಂದ 2012ರವರೆಗೆ ಆ ತಂಡ ದುಡಿದದ್ದು 23.5 ಕೋಟಿ ಡಾಲರ್. ಓರ್ ಇವರನ್ನು ನೌಕರರೆಂದೇ ಕರೆದರು. ಮರುವರ್ಷ ಮೇಲಿನ ಮಂಡಳಿ ಅವರು ನೌಕರರು ಹೌದೋ ಅಲ್ಲವೋ ಹೇಳದೆ, ಈ ವಿಷಯ ನಮಗೆ ಬೇಡ ಎಂದು ಕೈತೊಳೆದುಕೊಂಡಿತು.

ಓದನ್ನು ಸಂಬಳವೆಂದು ಕೊಟ್ಟವರು ಓದುವುದಕ್ಕೆ ಹೊತ್ತು ಕೊಡಬೇಕಿತ್ತು. ಕೊಡದ ಕಡೆ ಏನಾಯಿತೆಂಬುದು ನಾರ್ತ್ ಕ್ಯಾರೊಲಿನಾದಲ್ಲಿ ಗೊತ್ತಾಯಿತು. ಅಲ್ಲಿನ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಒಂದು ವಿಭಾಗ 18 ವರ್ಷ ಕಾಲ, ಪಾಠವೇ ನಡೆಯದ, ಕೊನೆಗೊಂದು ಪ್ರಬಂಧ ಒಪ್ಪಿಸಿದರೆ ಅಂಕ ಬೀಳುವ ಕೋರ್ಸುಗಳನ್ನು ನಡೆಸಿತೆಂದು 2014ರ ವೈನ್‌ಸ್ಟೀನ್ ವರದಿ ಬಯಲು ಮಾಡಿತು. ಹೆಸರು ಬರೆಸಿದ್ದವರು ಸುಮಾರು 3,100 ವಿದ್ಯಾರ್ಥಿಗಳು. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಕ್ರೀಡಾಪಟುಗಳು. 2017ರಲ್ಲಿ ಎನ್‌ಸಿಎಎ ಇದನ್ನು ಕೈಗೆತ್ತಿಕೊಂಡು, ಈ ಕೋರ್ಸುಗಳು ಬೇರೆ ವಿದ್ಯಾರ್ಥಿಗಳಿಗೂ ತೆರೆದಿದ್ದವು, ಹಾಗಾಗಿ ನಮ್ಮ ನಿಯಮ ಮುರಿದಂತಾಗಲಿಲ್ಲ ಎಂದು ಶಿಕ್ಷೆಯಿಲ್ಲದೆ ಬಿಟ್ಟಿತು.

ಅದೇ ಎನ್‌ಸಿಎಎ ಯಾವುದರಲ್ಲಿ ಬಿಗಿಯಾಗಿತ್ತು ಅನ್ನುವುದನ್ನೂ ನೋಡಬೇಕು. ಹಳೆಯ ನಿಯಮವೊಂದರ ಪ್ರಕಾರ ಕಾಲೇಜು ತನ್ನ ಆಟಗಾರನಿಗೆ ತಿಂಡಿಯೆಂದು ಬೇಗಲ್ ಕೊಡಬಹುದಿತ್ತು. ಬೇಗಲ್ ಎಂದರೆ ನಡುವೆ ತೂತಿರುವ ಗಟ್ಟಿ ಬ್ರೆಡ್ಡು. ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ಮಾತ್ರ ನಿಯಮಭಂಗ. ಅದು ತಿಂಡಿಯಲ್ಲ, ಊಟವಾಗಿಬಿಡುತ್ತದೆ! 2014ರಲ್ಲಿ ಕನೆಕ್ಟಿಕಟ್ ತಂಡ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ಆದಾಗ ಅದರ ನಾಯಕ ಶಬಾಜ್ ನೇಪಿಯರ್, ತಾನು ಹಸಿದೇ ಮಲಗುವ ರಾತ್ರಿಗಳಿವೆ ಎಂದು ಪತ್ರಕರ್ತರ ಮುಂದೆ ಹೇಳಿದ. ಕೆಲವೇ ದಿನಗಳಲ್ಲಿ ಊಟದ ಮಿತಿಯನ್ನು ತೆಗೆದುಹಾಕಿದರು. ಪುಕ್ಕಟೆ ಊಟ ವಸತಿಯ ಮಾತಾಡುವವರಿಗೆ ಈ ಕ್ರೀಮ್ ಚೀಸಿನ ಲೆಕ್ಕ ಗೊತ್ತಿರಲಿ.

ಇನ್ನೊಂದು. 1973ರಿಂದ ಸುಮಾರು ನಾಲ್ಕು ದಶಕ ಆಟದ ಸ್ಕಾಲರ್‌ಶಿಪ್ ಒಂದೇ ವರ್ಷದ್ದು. ಮುಂದುವರಿಸುವುದು ಬಿಡುವುದು ಕೋಚ್ ಮರ್ಜಿ. ಸಂಗೀತದ ಸ್ಕಾಲರ್‌ಶಿಪ್ ಪಡೆದ ಹುಡುಗಿ ಶನಿವಾರ ಸಂಜೆ ಮದುವೆಯಲ್ಲಿ ವಯಲಿನ್ ನುಡಿಸಿ ದುಡ್ಡು ತಂದರೆ ಯಾರೂ ಅವಳನ್ನು ಹೊರಹಾಕುವುದಿಲ್ಲ. ಎಮಾ ವಾಟ್ಸನ್ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಲೇ ಸಿನಿಮಾದಲ್ಲಿ ದುಡಿದರು. ಸೆಂಟ್ರಲ್ ಫ್ಲಾರಿಡಾದ ಫುಟ್‌ಬಾಲ್ ಆಟಗಾರ ಡೊನಾಲ್ಡ್ ಡೆ ಲಾ ಹೇ ಯೂಟ್ಯೂಬ್ ವಿಡಿಯೋಗಳಿಂದ ನಾಲ್ಕು ಕಾಸು ಮಾಡಿದ್ದಕ್ಕೆ 2017ರಲ್ಲಿ ಆಡುವ ಅರ್ಹತೆಯನ್ನೇ ಕಳೆದುಕೊಂಡ.

ಎರಡನೆಯ ಆಕ್ಷೇಪಕ್ಕೆ ಗಾಂಭೀರ್ಯ ಹೆಚ್ಚು. ಹವ್ಯಾಸಿತನ ಒಂದು ಪರಂಪರೆ, ಕಾಲೇಜು ಆಟದ ಜೀವಾಳ, ಹಣ ಬಂದರೆ ಜನ ನೋಡುವುದನ್ನೇ ಬಿಡುತ್ತಾರೆ ಎನ್ನುವುದು. ನ್ಯಾಯಾಲಯಗಳಲ್ಲೂ ಎನ್‌ಸಿಎಎ ವರ್ಷಗಟ್ಟಲೆ ಈ ವಾದವನ್ನೇ ಹಿಡಿದು ಕೂತಿತ್ತು.

ಪರಂಪರೆಯನ್ನೇ ಕೆದಕೋಣ. ಅಮೆರಿಕದ ಮೊಟ್ಟಮೊದಲ ಅಂತರಕಾಲೇಜು ಸ್ಪರ್ಧೆ 1852ರ ಆಗಸ್ಟ್‌ನಲ್ಲಿ, ನ್ಯೂ ಹ್ಯಾಂಪ್‌ಶೈರಿನ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವಿನ ದೋಣಿ ಪಂದ್ಯ. ಹುಡುಗರನ್ನು ಅಲ್ಲಿಗೆ ಕರೆಸಿಕೊಂಡು ಖರ್ಚು ಭರಿಸಿದವನು ಒಬ್ಬ ರೈಲ್ವೆ ಅಧಿಕಾರಿ, ತನ್ನ ರೈಲಿಗೆ ಪ್ರಯಾಣಿಕರು ಬರಲೆಂದು. ಹುಟ್ಟುವಾಗಲೇ ಪ್ರಾಯೋಜಕರಿದ್ದ ಆಟ ಇದು.

ಹವ್ಯಾಸಿತನದ ಆದರ್ಶ ಬಂದದ್ದು ಇಂಗ್ಲೆಂಡಿನಿಂದ, ಬಂದಾಗಲೇ ಅದಕ್ಕೊಂದು ಜಾತಿ ಇತ್ತು. ಹೆನ್ಲಿ ದೋಣಿ ಸ್ಪರ್ಧೆಯ 1879ರ ನಿಯಮದಲ್ಲಿ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಯವನು ಇವರು ಯಾರೂ ಹವ್ಯಾಸಿಗಳಲ್ಲ. ದೋಣಿ ನಡೆಸಿ ಹಣ ಪಡೆದಿರಬೇಕೆಂದೇನಿಲ್ಲ, ಕೈಕೆಲಸ ಮಾಡಿ ಬದುಕಿದ್ದರೆ ಸಾಕು. 1920ರಲ್ಲಿ ಫಿಲಡೆಲ್ಫಿಯಾದ ಜಾಕ್ ಕೆಲಿಯ ಪ್ರವೇಶವನ್ನು ಹೆನ್ಲಿ ತಿರಸ್ಕರಿಸಿತು. ಆತ ಇಟ್ಟಿಗೆ ಕಟ್ಟುವ ಗಾರೆ ಕೆಲಸದವನಾಗಿದ್ದ. ಅದೇ ವರ್ಷ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಆತ ಚಿನ್ನ ಗೆದ್ದ. ಜಿಮ್ ಥಾರ್ಪ್ ಕತೆ ಹೆಚ್ಚು ಜನಕ್ಕೆ ಗೊತ್ತು. ಮೂಲನಿವಾಸಿ ಸಾಕ್ ಅಂಡ್ ಫಾಕ್ಸ್ ಬುಡಕಟ್ಟಿನವ, 1912ರ ಸ್ಟಾಕ್‌ಹೋಮ್‌ನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡನ್ನೂ ಗೆದ್ದವ. ಅದಕ್ಕೆ ಮುಂಚೆ ಸಣ್ಣ ಊರಿನ ಬೇಸ್‌ಬಾಲ್ ತಂಡದಲ್ಲಿ ಒಂದಿಷ್ಟು ಡಾಲರ್ ಪಡೆದು ಆಡಿದ್ದ ಎಂದು 1913ರಲ್ಲಿ ಎರಡು ಪದಕಗಳನ್ನೂ ಕಿತ್ತುಕೊಂಡರು. ಅವನೊಬ್ಬನೇ ವಿಜೇತನೆಂದು ಪೂರ್ತಿ ಒಪ್ಪಿಕೊಳ್ಳಲು 2022ರವರೆಗೆ ಕಾಯಬೇಕಾಯಿತು. ಥಾರ್ಪ್ ತೀರಿಕೊಂಡದ್ದು 1953ರಲ್ಲಿ.

ಎನ್‌ಸಿಎಎ ತನ್ನ ಗೆರೆಯನ್ನೂ ನೆಟ್ಟಗೆ ಎಳೆದುಕೊಂಡಿರಲಿಲ್ಲ. ಕ್ರಿಸ್ ವೈಂಕಿ ಎಂಬವನು ದುಡ್ಡು ಪಡೆದು ಆರು ವರ್ಷ ವೃತ್ತಿಪರ ಬೇಸ್‌ಬಾಲ್ ಆಡಿ, ಆಮೇಲೆ ಫ್ಲಾರಿಡಾ ಸ್ಟೇಟ್ ಸೇರಿ ಫುಟ್‌ಬಾಲ್‌ನಲ್ಲಿ 'ಹವ್ಯಾಸಿ'ಯಾದ. 2000ದಲ್ಲಿ ತನ್ನ 28ನೇ ವಯಸ್ಸಿನಲ್ಲಿ ಕಾಲೇಜು ಫುಟ್‌ಬಾಲ್‌ನ ಅತಿದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದ. ಒಂದು ಆಟದಲ್ಲಿ ಸಂಬಳ ಪಡೆದವನು ಇನ್ನೊಂದರಲ್ಲಿ ಪರಿಶುದ್ಧ. ರಿಯೋ ಒಲಿಂಪಿಕ್ಸ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಮೈಕೆಲ್ ಫೆಲ್ಪ್ಸ್‌ನನ್ನು ಹಿಂದೆ ಹಾಕಿದ ಜೋಸೆಫ್ ಸ್ಕೂಲಿಂಗ್ ಆಗ ಟೆಕ್ಸಸ್ ವಿಶ್ವವಿದ್ಯಾಲಯದ ಈಜುಗಾರ. ಸಿಂಗಪುರ ಅವನಿಗೆ 10 ಲಕ್ಷ ಸಿಂಗಪುರ ಡಾಲರ್ ಬಹುಮಾನ ಕೊಟ್ಟಿತು, ಅವನ ಹವ್ಯಾಸಿತನಕ್ಕೆ ಅದರಿಂದ ಒಂದು ಚೂರೂ ಧಕ್ಕೆಯಾಗಲಿಲ್ಲ. ಅದಕ್ಕೂ ಆರು ವರ್ಷ ಹಿಂದೆ, 2010ರಲ್ಲಿ, ಜಾರ್ಜಿಯಾ ವಿಶ್ವವಿದ್ಯಾಲಯದ ಎ.ಜೆ. ಗ್ರೀನ್ ತಾನೇ ತೊಟ್ಟು ಆಡಿದ ಜೆರ್ಸಿಯನ್ನು 1,000 ಡಾಲರ್‌ಗೆ ಮಾರಿ ನಾಲ್ಕು ಪಂದ್ಯಗಳ ನಿಷೇಧ ಅನುಭವಿಸಿದ. ಅದೇ 8ನೇ ಸಂಖ್ಯೆಯ ಜೆರ್ಸಿಗಳು ವಿಶ್ವವಿದ್ಯಾಲಯದ ಅಂಗಡಿಯಲ್ಲಿ ಸಾಲಾಗಿ ಮಾರಾಟಕ್ಕಿದ್ದವು. ಜೆರ್ಸಿಗಳ ಮೇಲೆ ಆಟಗಾರರ ಹೆಸರಿಲ್ಲ, ಬರೀ ಸಂಖ್ಯೆ ಎಂದು ಎನ್‌ಸಿಎಎ ವಾದಿಸುತ್ತಿದ್ದಾಗ, 2013ರಲ್ಲಿ ವೀಕ್ಷಕ ವಿವರಣೆಗಾರ ಜೇ ಬಿಲಾಸ್ ಅದರ ಅಧಿಕೃತ ಆನ್‌ಲೈನ್ ಅಂಗಡಿಯ ಹುಡುಕು ಪೆಟ್ಟಿಗೆಯಲ್ಲಿ ಆಟಗಾರರ ಹೆಸರುಗಳನ್ನು ಒಂದೊಂದಾಗಿ ಟೈಪ್ ಮಾಡಿದರು. ಸರಿಯಾದ ಸಂಖ್ಯೆಯ ಜೆರ್ಸಿಯೇ ಪರದೆಯ ಮೇಲೆ ಬರುತ್ತಿತ್ತು. ಎನ್‌ಸಿಎಎ ಅಂಗಡಿಯ ಆ ಭಾಗಕ್ಕೆ ಬೀಗ ಹಾಕಿತು.

ಜನ ನೋಡುವುದನ್ನು ಬಿಡುತ್ತಾರೆಂಬ ಭಯಕ್ಕೆ ಉತ್ತರ ಜನರೇ ಕೊಟ್ಟಿದ್ದಾರೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಜಾಹೀರಾತಿನ ಹಣ ಪಡೆಯಬಹುದಾಯಿತು. ಇದನ್ನೇ ಎನ್‌ಐಎಲ್ ಅನ್ನುತ್ತಾರೆ. ಆ ಹಣ ಚೆನ್ನಾಗಿ ಬಂದವರಲ್ಲಿ ಐಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಒಬ್ಬಳು. 2024ರ ಏಪ್ರಿಲ್‌ನಲ್ಲಿ ಅವಳ ತಂಡ ಸೌತ್ ಕ್ಯಾರೊಲಿನಾ ಎದುರು ಆಡಿದ ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್ ನೋಡಿದವರು ಸರಾಸರಿ 1.8 ಕೋಟಿಗೂ ಮಿಗಿಲು. ಮರುದಿನದ ಪುರುಷರ ಫೈನಲ್‌ಗೆ ಅಷ್ಟು ಜನ ಬರಲಿಲ್ಲ. ಅವಳ ಜೇಬಿನಲ್ಲಿ ಎಷ್ಟಿದೆಯೆಂದು ಟಿವಿ ಮುಂದೆ ಕೂತವರು ತಲೆಕೆಡಿಸಿಕೊಳ್ಳಲಿಲ್ಲ.

ಕೋರ್ಟಿನ ವಿಚಾರವನ್ನೂ ಇಲ್ಲೇ ಮುಗಿಸುತ್ತೇನೆ. 1984ರಲ್ಲಿ ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳೇ ಎನ್‌ಸಿಎಎ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದವು. ದೂರು ಏನು? ಪಂದ್ಯಗಳ ಟಿವಿ ಪ್ರಸಾರವನ್ನು ಎನ್‌ಸಿಎಎ ತನ್ನ ಹಿಡಿತದಲ್ಲಿ ಇಟ್ಟುಕೊಂಡಿದೆ, ನಮ್ಮ ಆಟಕ್ಕೆ ಮಾರುಕಟ್ಟೆ ಬೆಲೆ ಸಿಗುತ್ತಿಲ್ಲ ಎಂದು. ಕೂಡಿಕೊಂಡು ಬೆಲೆ ಕಟ್ಟುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಕೋರ್ಟು ಒಪ್ಪಿತು. ಅದೇ ಕಾನೂನನ್ನು ಹಿಡಿದು ಆಟಗಾರರು ಬಂದಾಗ ಮಾತ್ರ ಈ ವಿಶ್ವವಿದ್ಯಾಲಯಗಳಿಗೆ ಪರಂಪರೆ ನೆನಪಾಯಿತು. 1984ರ ತೀರ್ಪಿನಲ್ಲಿ ಹವ್ಯಾಸಿತನವನ್ನು ಹೊಗಳಿ ಬರೆದಿದ್ದ ಒಂದೆರಡು ಸಾಲನ್ನು ಎನ್‌ಸಿಎಎ ಮೂವತ್ತೇಳು ವರ್ಷ ರಕ್ಷೆಯಂತೆ ಕಟ್ಟಿಕೊಂಡು ತಿರುಗಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಆ ರಕ್ಷೆಯನ್ನು ಬಿಚ್ಚಿಹಾಕಿದರು. ಯಾವ ವಿಷಯಕ್ಕೂ ಒಂದಾಗದ ಆ ಒಂಬತ್ತು ಜನರನ್ನು ಒಂದು ಮಾಡಿದ ಶ್ರೇಯಸ್ಸು ಎನ್‌ಸಿಎಎಗೇ ಸಲ್ಲಬೇಕು.

ಇನ್ನು ಮೂರನೆಯ ಆಕ್ಷೇಪ, ಕೋಚ್‌ಗಳ ಗೋಳು. ಹುಡುಗರಲ್ಲಿ ನಿಷ್ಠೆ ಉಳಿದಿಲ್ಲ, ವರ್ಷಕ್ಕೊಂದು ಕಾಲೇಜು, ಹೆಚ್ಚು ಕೊಟ್ಟವರ ಹಿಂದೆ ಓಟ, ತಂಡ ಕಟ್ಟುವುದು ಹೇಗೆ? ವರ್ಗಾವಣೆಗೆಂದು 2018ರಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಬಂತು. 2021ರಲ್ಲಿ ಒಂದು ಸಲ, 2024ರಿಂದ ಎಷ್ಟು ಸಲವಾದರೂ ಕಾಲೇಜು ಬದಲಿಸಿ ತಡವಿಲ್ಲದೆ ಆಡಬಹುದಾಯಿತು. ಗೊಂದಲ ಇದೆ, ಇಲ್ಲವೆನ್ನುವುದಿಲ್ಲ. 2025ರ ವಸಂತದಲ್ಲಿ ಟೆನೆಸಿಯ ಕ್ವಾರ್ಟರ್‌ಬ್ಯಾಕ್ ನೀಕೋ ಯಾಮಾಲೆಯಾವಾ ಹಣದ ಮಾತುಕತೆ ಮುರಿದು ಬಿದ್ದು ಯುಸಿಎಲ್‌ಎಗೆ ಹೋದಾಗ ಪತ್ರಿಕೆಗಳು ಅವನಿಗೆ ಇಡದ ಹೆಸರಿಲ್ಲ.

ಆದರೆ ನಿಷ್ಠೆಯ ಪಾಠ ಹೇಳುತ್ತಿರುವವರು ಯಾರು? 2021ರ ನವೆಂಬರ್ ಕೊನೆಯಲ್ಲಿ ನಾಟರ್ ಡೇಮ್ ತಂಡಕ್ಕೆ ಪ್ಲೇಆಫ್ ಅವಕಾಶ ಇನ್ನೂ ಜೀವಂತವಿದ್ದಾಗಲೇ ಅದರ ಕೋಚ್ ಬ್ರಯಾನ್ ಕೆಲಿ, ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್ ಕರಾರಿಗೆ ಲೂಯಿಸಿಯಾನಾ ಸ್ಟೇಟ್‌ಗೆ ಎದ್ದು ಹೋದರು. 2025ರ ಅಕ್ಟೋಬರ್‌ನಲ್ಲಿ ಅವರನ್ನು ತೆಗೆದರು. ಆ ಕುರ್ಚಿಗೆ ಬಂದವರು ಲೇನ್ ಕಿಫಿನ್. ಅವರೂ ಪ್ಲೇಆಫ್‌ಗೆ ಹೊರಟು ನಿಂತಿದ್ದ ಮಿಸಿಸಿಪಿ ತಂಡವನ್ನು ನವೆಂಬರ್ ಕೊನೆಯಲ್ಲಿ ಬಿಟ್ಟು ಬಂದವರೇ. ಇದಕ್ಕೆ ಪತ್ರಿಕೆಗಳು ಕೊಡುವ ಹೆಸರು ವೃತ್ತಿಯಲ್ಲಿ ಬಡ್ತಿ.

ಕೋಚ್ ಒಬ್ಬರದ್ದೇ ಏಕೆ, ವಿಶ್ವವಿದ್ಯಾಲಯಗಳೇ ಮನೆ ಬದಲಿಸಿವೆ. ಪಶ್ಚಿಮ ಕರಾವಳಿಯ ಪ್ಯಾಕ್-12 ಒಕ್ಕೂಟದ ಬೇರು 1915ರದ್ದು. ಟಿವಿ ಹಣಕ್ಕಾಗಿ ಯುಎಸ್‌ಸಿ, ಯುಸಿಎಲ್‌ಎ ಮಧ್ಯಪಶ್ಚಿಮದ ಬಿಗ್ ಟೆನ್‌ಗೆ ಹೋದವು. ಹಿಂದೆಯೇ ಉಳಿದವುಗಳಲ್ಲಿ ಹೆಚ್ಚಿನವೂ ಹೊರಟವು. ಪೆಸಿಫಿಕ್ ಸಾಗರದ ದಡದ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಈಗ ಅಟ್ಲಾಂಟಿಕ್ ಕರಾವಳಿ ಒಕ್ಕೂಟದ ಸದಸ್ಯರು. ಇತ್ತ ಯುಸಿಎಲ್‌ಎ ವಾಲಿಬಾಲ್ ಹುಡುಗಿಯರು ನ್ಯೂಜೆರ್ಸಿಯ ರಟ್‌ಗರ್ಸ್‌ವರೆಗೆ ಖಂಡ ದಾಟಿ ಆಡಿ ಬಂದು ಸೋಮವಾರ ತರಗತಿಯಲ್ಲಿ ಕೂರಬೇಕು. ಓದಿಗೆ ತೊಂದರೆಯಾಗುತ್ತದೆಂಬ ಚಿಂತೆ ಆ ಕರಾರಿಗೆ ಸಹಿ ಹಾಕುವಾಗ ಯಾರಿಗೂ ಬರಲಿಲ್ಲ.

ವರ್ಗಾವಣೆಯ ಗೊಂದಲಕ್ಕೆ ಮದ್ದು ಇದೆ. ಎನ್‌ಎಫ್‌ಎಲ್‌ನಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರ ಮನಸ್ಸಿಗೆ ಬಂದಾಗ ತಂಡ ಬಿಡಲಾರ, ಅಲ್ಲಿ ಸಂಬಳಕ್ಕೂ ಒಟ್ಟು ಮಿತಿಯಿದೆ. ಸ್ಪರ್ಧಾ ಕಾನೂನು ಅದನ್ನು ಒಪ್ಪುತ್ತದೆ, ಏಕೆಂದರೆ ಆ ಮಿತಿಗಳು ಆಟಗಾರರ ಯೂನಿಯನ್ ಜೊತೆ ಕೂತು ಚೌಕಾಸಿ ಮಾಡಿ ಒಪ್ಪಿಕೊಂಡವು. ಎದುರು ಕೂತು ಮಾತಾಡಿದರೆ ಮಿತಿ ಹಾಕಬಹುದು. ತಾವು ತಾವೇ ಸೇರಿ ಹಾಕಿದರೆ ಅದು ಕೂಟ. ಕಾಲೇಜುಗಳಿಗೆ ಬೇಕಿರುವುದು ಮಿತಿ, ಬೇಡವಾಗಿರುವುದು ಎದುರು ಕೂರುವ ಯೂನಿಯನ್. ಈ 2.05 ಕೋಟಿಯ ಮಿತಿಯೂ ಮೊಕದ್ದಮೆಯ ರಾಜಿಯಿಂದ ಬಂದದ್ದು, ಚೌಕಾಸಿಯಿಂದಲ್ಲ. ಹಾಗಾಗಿ ಅದರ ಮೇಲೆ ಇನ್ನಷ್ಟು ಮೊಕದ್ದಮೆ ಬಂದರೆ ಆಶ್ಚರ್ಯ ಪಡಬೇಕಿಲ್ಲ.

ಜಾಹೀರಾತಿನ ಹೆಸರಲ್ಲಿ ದಾನಿಗಳು ಕೂಟ ಕಟ್ಟಿಕೊಂಡು ಸಂಬಳ ಹಂಚಿದರು ಎಂಬ ದೂರೂ ಇದೆ. ನಿಜ, ಹಂಚಿದರು. ಮುಂಬಾಗಿಲು ಹಾಕಿದ್ದರಿಂದ ಹಿತ್ತಲಿಂದ ಬಂದರು. ಈಗ 600 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಹೊರಗಿನ ಒಪ್ಪಂದಗಳನ್ನು ಡೆಲಾಯ್ಟ್ ಕಂಪನಿ ಕಟ್ಟಿದ ವ್ಯವಸ್ಥೆ ಪರಿಶೀಲಿಸುತ್ತದೆ.

ನನಗೆ ನಿಜಕ್ಕೂ ಭಾರವೆನಿಸುವುದು ನಾಲ್ಕನೆಯ ಆಕ್ಷೇಪ. ಹಣವೆಲ್ಲ ಫುಟ್‌ಬಾಲಿಗೆ, ಬ್ಯಾಸ್ಕೆಟ್‌ಬಾಲಿಗೆ ಹೋಗುತ್ತದೆ. ಈಜು, ಟೆನಿಸ್, ಜಿಮ್ನಾಸ್ಟಿಕ್ಸ್, ಅಥ್ಲೆಟಿಕ್ಸ್ ಸಾಯುತ್ತವೆ. ಹೆಣ್ಣುಮಕ್ಕಳ ಪಾಲು ಕರಗುತ್ತದೆ. ಇದನ್ನು ನಾವು ಹಗುರವಾಗಿ ನೋಡುವಂತಿಲ್ಲ. ಮೈಸೂರಿನಲ್ಲಿ ಹುಟ್ಟಿ ಮೇರಿಲ್ಯಾಂಡಿನಲ್ಲಿ ಬೆಳೆದ ವಿಕಾಸ್ ಗೌಡ 2006ರಲ್ಲಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಚಾಂಪಿಯನ್. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದವರು. ಡಿಸ್ಕಸ್ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ. ಫುಟ್‌ಬಾಲ್ ದುಡಿದು ಹಾಕಿದ ಅನ್ನದಲ್ಲಿ ಇಂಥ ಎಷ್ಟೋ ಆಟಗಳು ಬದುಕಿವೆ. ಗ್ರಾಂಟ್ ಹೌಸ್ ಮೊಕದ್ದಮೆಯ ರಾಜಿ ತಂಡಗಳ ಗಾತ್ರಕ್ಕೂ ಮಿತಿ ಹಾಕಿತು. ಸ್ಕಾಲರ್‌ಶಿಪ್ ಇಲ್ಲದೆ ಆಸೆಯಿಂದ ಆಡುತ್ತಿದ್ದ ಹುಡುಗ ಹುಡುಗಿಯರನ್ನು ಹಲವು ಕಡೆ ಕೈಬಿಟ್ಟರು. ವಿಲ್ಕೆನ್ ಅವರೇ ಏಪ್ರಿಲ್‌ನಲ್ಲಿ ಈ ಕಾರಣಕ್ಕೆ ಒಪ್ಪಿಗೆ ತಡೆಹಿಡಿದು, ಹಾಗೆ ಜಾಗ ಕಳೆದುಕೊಂಡವರಿಗೆ ಮಿತಿಯಿಂದ ವಿನಾಯಿತಿ ಮಾಡಿಸಿದರು. ಹಳೇ ಬಾಕಿಯ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್‌ನವರಿಗೇ. 1972ರ ಟೈಟಲ್ ನೈನ್ ಸಮಾನತೆ ಕಾನೂನಿಗೆ ಇದು ವಿರುದ್ಧವೆಂದು ಎಂಟು ಜನ ಕ್ರೀಡಾಪಟು ಹೆಣ್ಣುಮಕ್ಕಳು ಜೂನ್‌ನಲ್ಲೇ ಮೇಲ್ಮನವಿ ಹಾಕಿದರು. ಅವರ ಪ್ರಶ್ನೆ ಸರಿಯಾದದ್ದು. ನಾನು ಅವರ ಕಡೆ.

ಆದರೆ ಸಣ್ಣ ಆಟಗಳನ್ನು ಕೊಲ್ಲುವುದು ಆಟಗಾರನ ಸಂಬಳ ಎನ್ನುವುದಕ್ಕೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ. 2020ರಲ್ಲಿ, ಯಾವ ಆಟಗಾರನಿಗೂ ಕಾಸು ಕೊಡದ ಕಾಲದಲ್ಲಿ, ಸ್ಟ್ಯಾನ್‌ಫರ್ಡ್ ಒಂದೇ ಸಲಕ್ಕೆ 11 ಆಟಗಳನ್ನು ನಿಲ್ಲಿಸುತ್ತೇವೆಂದು ಘೋಷಿಸಿತ್ತು. ಹಳೇ ವಿದ್ಯಾರ್ಥಿಗಳು ತಿರುಗಿಬಿದ್ದ ಮೇಲೆ ಮರುವರ್ಷ ಹಿಂದೆ ಸರಿಯಿತು. ಐಯೋವಾ ಅದೇ ವರ್ಷ ನಾಲ್ಕು ಆಟಗಳನ್ನು ಕೈಬಿಡುವ ನಿರ್ಧಾರ ಪ್ರಕಟಿಸಿತು. ಇನ್ನೊಂದು ಕಡೆ 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಫುಟ್‌ಬಾಲ್ ಕೋಚ್ ಜಿಂಬೋ ಫಿಷರ್ ಅವರನ್ನು ಕೆಲಸದಿಂದ ತೆಗೆಯಿತು. ಕೆಲಸ ಮಾಡದಿರುವುದಕ್ಕೆ ಅವರಿಗೆ ಕೊಡಬೇಕಾಗಿ ಬಂದ ಮೊತ್ತ 7.5 ಕೋಟಿ ಡಾಲರ್‌ಗೂ ಹೆಚ್ಚು. ಇದೊಂದು ಸರ್ಕಾರಿ ವಿಶ್ವವಿದ್ಯಾಲಯ. ಇಂದಿನ ಮಿತಿಯಲ್ಲಿ ಅಲ್ಲಿನ ಎಲ್ಲ ಆಟಗಳ ಎಲ್ಲ ಆಟಗಾರರಿಗೂ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕೊಡಬಹುದಾದ ಹಣ ಅದು. ಆಟಗಾರನಿಗೆ ಕೊಡುವುದು ನಿಷಿದ್ಧವಾಗಿದ್ದಾಗ ಬಂದ ಹಣ ಎಲ್ಲಾದರೂ ಹೋಗಲೇಬೇಕಿತ್ತು; ಹೋದದ್ದು ಕೋಚ್‌ಗಳ ಕರಾರಿಗೆ, ಆಡಳಿತದ ಹುದ್ದೆಗಳಿಗೆ, ಲಾಕರ್ ಕೋಣೆಯ ಥಳುಕಿಗೆ. ಡಿಸ್ಕಸ್ ಎಸೆಯುವವನಿಗೆ ಅದರಲ್ಲಿ ಸಿಕ್ಕದ್ದು ಚೂರುಪಾರು. ಈಗ ಅವನ ಹೆಸರು ಹೇಳಿ ಕಣ್ಣೀರಿಡುವವರು ಆಗ ಬಜೆಟ್ ಬರೆದವರೇ.

ನಮ್ಮವರ ಒಂದು ಸಿಟ್ಟಿಗೆ ಬೇರೆಯೇ ಉತ್ತರ ಬೇಕು: ನಮ್ಮ ಮಗಳು ಕಂಪ್ಯೂಟರ್ ಸೈನ್ಸ್ ಓದಲು ಹೋದವಳು, ಅವಳ ಫೀಸಿನಲ್ಲಿ ಕ್ರೀಡೆಯ ಬಾಬ್ತು ಎಂದು ಯಾಕೆ ಕೀಳುತ್ತಾರೆ? ಇದು ನ್ಯಾಯವಾದ ಸಿಟ್ಟು. ದೊಡ್ಡ ಒಕ್ಕೂಟಗಳ ಹೊರಗಿನ ಎಷ್ಟೋ ಕಾಲೇಜುಗಳಲ್ಲಿ ಕ್ರೀಡಾ ವಿಭಾಗ ನಡೆಯುವುದು ವಿದ್ಯಾರ್ಥಿಗಳ ಶುಲ್ಕದಿಂದಲೇ, ಮತ್ತು ಆಟಗಾರರಿಗೆ ಬಿಡಿಗಾಸೂ ಸಿಗದಿದ್ದಾಗಲೂ ಹಾಗೇ ನಡೆಯುತ್ತಿತ್ತು. ಕೊಡಲೇಬೇಕೆಂದು ಯಾರೂ ಕಟ್ಟುಪಾಡು ಮಾಡಿಲ್ಲ. 1954ರಿಂದ ಆಟದ ಸ್ಕಾಲರ್‌ಶಿಪ್ಪನ್ನೇ ಕೊಡದ ಐವಿ ಲೀಗ್ ಈ ಹಂಚಿಕೆಗೂ ಸೇರುವುದಿಲ್ಲವೆಂದು ಹೇಳಿ ದೂರ ನಿಂತಿದೆ. ಶುಲ್ಕ ಪ್ರಶ್ನಿಸುವವರು ಕೇಳಬೇಕಾದದ್ದು ಕುಲಪತಿಯನ್ನು. ಅಂದಹಾಗೆ, ಭಾರತದಿಂದ ಎಫ್-1 ವೀಸಾದಲ್ಲಿ ಹೋಗಿ ಆಡುವ ಹುಡುಗನಿಗೆ ಈ ಹೊಸ ಹಣದ ಬಾಗಿಲು ಬಹುತೇಕ ಮುಚ್ಚೇ ಇದೆ. ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಾರೆ, ಕೆನಡಾದ ಜಾಕ್ ಈಡಿ ದೇಶದ ಶ್ರೇಷ್ಠ ಆಟಗಾರನೆನಿಸಿಕೊಂಡಾಗಲೂ ವೀಸಾ ನಿಯಮ ಅವನ ಕೈ ಕಟ್ಟಿತ್ತು. ಈ ಅನ್ಯಾಯದ ಬಗ್ಗೆ ಪರಂಪರೆಯವರು ಬಾಯಿ ಬಿಟ್ಟದ್ದನ್ನು ನಾನು ಕೇಳಿಲ್ಲ.

ಹದಿನೆಂಟರ ಹುಡುಗರ ಕೈಗೆ ದುಡ್ಡು ಕೊಟ್ಟರೆ ಕೆಡುತ್ತಾರೆ ಎನ್ನುವುದಕ್ಕೆ ಹೆಚ್ಚು ಹೇಳಬೇಕಿಲ್ಲ. ಲೆಬ್ರಾನ್ ಜೇಮ್ಸ್ 2003ರಲ್ಲಿ ಹೈಸ್ಕೂಲಿನಿಂದ ನೇರ ಎನ್‌ಬಿಎಗೆ ಹೋದ. ಟೆನಿಸ್, ಬೇಸ್‌ಬಾಲ್, ಸಿನಿಮಾದಲ್ಲಿ ಅದಕ್ಕಿಂತ ಚಿಕ್ಕವರು ದುಡಿಯುತ್ತಾರೆ. ಆಗೆಲ್ಲ ಇವರಿಗೆ ಮಕ್ಕಳ ಚಾರಿತ್ರ್ಯದ ಚಿಂತೆ ಕಾಡಲಿಲ್ಲ.

ಕೊನೆಯದಾಗಿ, ಎಲ್ಲಕ್ಕೂ ತಳದಲ್ಲಿರುವ ವಾದ: ಏನಾದರೂ ಕೊಡಿ, ನೌಕರ ಎಂದು ಮಾತ್ರ ಕರೆಯಬೇಡಿ. ಈ ಭಯಕ್ಕೆ ಎಪ್ಪತ್ತು ವರ್ಷ. 1955ರಲ್ಲಿ ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿನ ಪರವಾಗಿ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ಸತ್ತ. ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಳು. ಕಾಲೇಜು ಫುಟ್‌ಬಾಲ್ ನಡೆಸುವ ಉದ್ಯಮವಲ್ಲ ಎಂದು 1957ರಲ್ಲಿ ಕೊಲರಾಡೋ ಸುಪ್ರೀಂ ಕೋರ್ಟ್ ಕೊಡಲಿಲ್ಲ. ಆ ದಿನಗಳಲ್ಲೇ ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬಯರ್ಸ್ ಮತ್ತು ಅವರ ಜೊತೆಗಾರರು 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಹೆಸರನ್ನು ಎಲ್ಲ ನಿಯಮಗಳಲ್ಲೂ ತುಂಬಿದರು. ಇಂಥ ಪರಿಹಾರದ ದಾವೆಗಳಿಗೆ ತಡೆಗೋಡೆಯಾಗಿ. 1951ರಿಂದ 1987ರವರೆಗೆ ಸಂಸ್ಥೆಯನ್ನು ಆಳಿದ ಬಯರ್ಸ್, ನಿವೃತ್ತರಾದ ಮೇಲೆ 1995ರಲ್ಲಿ ಪುಸ್ತಕ ಬರೆದು, ತಾವೇ ಕಟ್ಟಿದ ವ್ಯವಸ್ಥೆ ಆಟಗಾರರನ್ನು ಶೋಷಿಸುತ್ತಿದೆ ಎಂದರು. ಎದುರು ಪಕ್ಷದವರು ಅವರನ್ನು ಹೆಚ್ಚಾಗಿ ಉಲ್ಲೇಖಿಸುವುದಿಲ್ಲ.

ಈ ಭಯ ಎಷ್ಟು ಟೊಳ್ಳು ಎನ್ನುವುದು ಡಾರ್ಟ್‌ಮತ್ ಕಾಲೇಜಿನ ಊಟದ ಮನೆಯಲ್ಲಿ ಕಾಣುತ್ತದೆ. ಅಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳು ಯೂನಿಯನ್ ಕಟ್ಟಿ 2023ರಲ್ಲಿ ಗಂಟೆಗೆ 21 ಡಾಲರ್ ಕೂಲಿ ಮಾಡಿಸಿಕೊಂಡರು. ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗರಲ್ಲಿ ಕೆಲವರು ಅಲ್ಲೇ ಕೆಲಸಕ್ಕಿದ್ದವರು. ಸೌಟು ಹಿಡಿದಾಗ ನೌಕರ, ಚೆಂಡು ಹಿಡಿದಾಗ ಅಲ್ಲ. ಹಾಗಾದರೆ ನಾವೂ ಯೂನಿಯನ್ ಕಟ್ಟುತ್ತೇವೆಂದು 2024ರ ಮಾರ್ಚ್ 5ರಂದು ತಂಡ 13–2 ಮತಗಳಿಂದ ತೀರ್ಮಾನಿಸಿತು. ಕಾಲೇಜು ಮಾತುಕತೆಗೆ ಕೂರಲೇ ಇಲ್ಲ. ಅಮೆರಿಕದ ಅಧ್ಯಕ್ಷರ ಚುನಾವಣೆಯಾಗಿ ಕಾರ್ಮಿಕ ಮಂಡಳಿಯ ಬಣ್ಣ ಬದಲಾಗುವುದು ಖಚಿತವಾದಾಗ, ವರ್ಷದ ಕೊನೇ ದಿನ ಹುಡುಗರು ಅರ್ಜಿ ವಾಪಸು ಪಡೆದರು. ಊಟದ ಮನೆಗಾಗಲಿ ತರಗತಿಗಾಗಲಿ ಯೂನಿಯನ್‌ನಿಂದ ಏನೂ ಆಗಿರಲಿಲ್ಲ. 2024ರ ಜುಲೈನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವೊಂದು ಜಾನ್ಸನ್ ಪ್ರಕರಣದಲ್ಲಿ, ಹವ್ಯಾಸಿ ಎಂಬ ಹಣೆಪಟ್ಟಿ ಇದೆಯೆಂದ ಮಾತ್ರಕ್ಕೆ ಕಾಲೇಜು ಆಟಗಾರ ಕೂಲಿ ಕಾನೂನಿನಿಂದ ಹೊರಗುಳಿಯುವುದಿಲ್ಲ, ಅವನು ಮಾಡುವ ಕೆಲಸವನ್ನು ನೋಡಿ ತೀರ್ಮಾನಿಸಬೇಕು ಎಂದಿದೆ.

ಕೋರ್ಟುಗಳಲ್ಲಿ ಸೋತು ಸುಸ್ತಾದ ವಿಶ್ವವಿದ್ಯಾಲಯಗಳು ಈಗ ವಾಷಿಂಗ್ಟನ್‌ನ ಕದ ತಟ್ಟುತ್ತಿವೆ. 2025ರ ಜುಲೈನಲ್ಲಿ ಸಂಸತ್ತಿಗೆ ಬಂದ ಸ್ಕೋರ್ ಮಸೂದೆ ಅವರಿಗೆ ಸ್ಪರ್ಧಾ ಕಾನೂನಿನಿಂದ ರಕ್ಷಣೆ ಕೊಡುತ್ತದೆ, ರಾಜ್ಯಗಳ ಕಾನೂನುಗಳನ್ನು ಬದಿಗೆ ಸರಿಸುತ್ತದೆ, ಆಟಗಾರ ನೌಕರನಲ್ಲ ಎಂದು ಶಾಸನದಲ್ಲೇ ಬರೆದುಬಿಡುತ್ತದೆ. ಇದರಲ್ಲಿ ಮೊದಲನೆಯದನ್ನು, ಅಂದರೆ ಕಾನೂನಿನ ರಕ್ಷಣೆಯನ್ನು, ಎನ್‌ಎಫ್‌ಎಲ್ ಮಾಲೀಕರು ಆಗಲೇ ಪಡೆದಿದ್ದಾರೆ, ಯೂನಿಯನ್ ಜೊತೆ ಒಂದೇ ಮೇಜಿಗೆ ಕೂತು. ಕಾಲೇಜುಗಳಿಗೂ ಅದೇ ದಾರಿ ತೆರೆದಿದೆ. ಅದನ್ನು ಬಿಟ್ಟು ಶಾಸನದ ರಕ್ಷಣೆಯೇ ಏಕೆ ಬೇಕು ಎನ್ನುವ ಪ್ರಶ್ನೆಗೆ, ಹದಿನೆಂಟರ ಹುಡುಗನಿಗೆ ನಿಷ್ಠೆ ಕಲಿಸುವ ಯಾವ ವಿಶ್ವವಿದ್ಯಾಲಯದ ಅಧ್ಯಕ್ಷರೂ ಇನ್ನೂ ಉತ್ತರ ಕೊಟ್ಟಿಲ್ಲ.